ಅಕ್ಕನ ಎಡಗಾಲಿನ ಅಳತೆ

ನಮ್ಮಕ್ಕ ಹಳೇ ಕಂಪ್ಯೂಟರ್ ರಿಪೇರಿ ಮಾಡುತ್ತಾಳೆ. ಬೇರೆಯವರು ಗುಜರಿಗೆ ಹಾಕಿ ಅನ್ನುವ ಯಂತ್ರಗಳೆಲ್ಲ ನಮ್ಮ ಮುಂದಿನ ಕೋಣೆಗೆ ಬರುತ್ತವೆ. ಕೂರಲು ಜಾಗವಿಲ್ಲ ಎಂದು ನಾನು ಗೊಣಗಿದರೆ ಒಂದು ಕೀಬೋರ್ಡ್ ಎತ್ತಿ ನನ್ನ ತೊಡೆಯ ಮೇಲಿಡುತ್ತಾಳೆ.

ಅವಳ ಎಡಪಾದ ಹುಟ್ಟಿನಿಂದಲೇ ಗಿಡ್ಡ. ಹೊಂದುವ ಶೂ ಎಲ್ಲೂ ಸಿಗದೆ ಅಪ್ಪ ತಾನೇ ಹೊಲಿಯಲು ಕಲಿತ. ಆಮೇಲೆ ಅಂಥ ಕಾಲಿನವರೆಲ್ಲ ಅವನ ಗಿರಾಕಿಗಳಾದರು. ಅವರ ಪಾದಗಳ ಚಿತ್ರ, ಅಳತೆ ಎಲ್ಲ ಅಪ್ಪನ ಕಂಪ್ಯೂಟರಿನಲ್ಲಿದ್ದವು. ಹನ್ನೊಂದು ವರ್ಷದ ಹಿಂದೆ ಅದರ ಪರದೆ ಕೆಟ್ಟಾಗ, ಆಗಷ್ಟೇ ಕೆಲಸ ಕಲಿತಿದ್ದ ಅಕ್ಕ ಎಲ್ಲವನ್ನೂ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿದಳು. ಕೆಟ್ಟಿದ್ದು ಡಿಸ್‌ಪ್ಲೇ ಸೆಟ್ಟಿಂಗ್ ಮಾತ್ರ. ನೆಗಡಿ ಬಂತೆಂದು ಮೂಗು ಕೊಯ್ದ ಹಾಗಾಯಿತು. ಅಪ್ಪ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಗಿರಾಕಿಗಳನ್ನು ಒಬ್ಬೊಬ್ಬರಾಗಿ ಕರೆಸಿ ಮತ್ತೆ ಅಳತೆ ತೆಗೆದು ಅದರೊಳಗೇ ಹಾಕಿದ. ಅಕ್ಕನ ಪಾದವನ್ನು ಮಾತ್ರ ಕಂಪ್ಯೂಟರಿಗೆ ಹಾಕದೆ, ಅಂದಿನಿಂದ ವರ್ಷಕ್ಕೊಮ್ಮೆ ಕಾಗದದ ಮೇಲೆ ಬರೆದು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದ. ಯಾಕೆಂದು ಅವಳಿಗೂ ಗೊತ್ತಿತ್ತು.

ಮೊನ್ನೆ ಅಪ್ಪ ಅದೇ ಕಂಪ್ಯೂಟರಿಗೆ ಹೊಸ ಪ್ರಿಂಟರಿನ ಸಿ.ಡಿ. ಹಾಕಿದ್ದೇ ತಡ, ಪರದೆ ತುಂಬ ಅಡ್ಡಗೆರೆ. ಅಪ್ಪ ಯಂತ್ರವನ್ನು ಹೊತ್ತು ತಂದು ಅಕ್ಕನ ಮೇಜಿನ ಮೇಲಿಟ್ಟ. ಕೈ ಮಾತ್ರ ಅದರ ಮೇಲಿಂದ ತೆಗೆಯಲಿಲ್ಲ.

"ಅಳಿಸ್ಬೇಕಾಗತ್ತಾ?"

"ನೋಡಪ್ಪ, ಆನ್ ಮಾಡಿದ ತಕ್ಷಣ ಬರೋ ಅಕ್ಷರ ನೆಟ್ಟಗಿದೆ. ಚಿತ್ರ ಶುರುವಾದ್ಮೇಲೆ ಕೆಡ್ತಿದೆ. ಒಳಗಿರೋದಕ್ಕೆ ಏನೂ ಆಗಿಲ್ಲ."

"ಹಾಗಾದ್ರೆ ಬೇಗ ಸರಿ ಮಾಡೇ," ಎಂದೆ ನಾನು.

"ನೀನು ಬಾಯ್ಮುಚ್ಚು. ಮೊದ್ಲು ನಕಲು."

ಬರೀ ಅಕ್ಷರ ಕಾಣುವ ಕಪ್ಪು ಪರದೆಯಿಂದಲೇ ಒಂದೊಂದು ಪಾದವನ್ನೂ ಬೇರೆ ಡಿಸ್ಕಿಗೆ ಇಳಿಸಿದಳು. ಎರಡು ಸಲ ಎಣಿಸಿದಳು. ಆಮೇಲೆ ಸಿ.ಡಿ. ತಂದಿಟ್ಟ ಸೆಟ್ಟಿಂಗ್ ಕಿತ್ತುಹಾಕಿ, ಆ ಹಳೇ ಮಾನಿಟರ್ ತಾಳುವಷ್ಟು, ಹದಿನಾರೇ ಬಣ್ಣ ಕೊಟ್ಟಳು. ಪರದೆ ಒಮ್ಮೆ ಮಿಟುಕಿತು. ಗೆರೆಗಳು ಹೋಗಿ ಪಾದಗಳು ಬಂದವು. ಅಪ್ಪ ಬಗ್ಗಿ ನೋಡುತ್ತ, ಹೆಸರು ಓದದೆಯೇ ಯಾವುದು ಯಾರದ್ದೆಂದು ಹೇಳುತ್ತ ಹೋದ.

"ಎಲ್ಲ ಇದೆಯಪ್ಪ," ಎಂದಳು ಅಕ್ಕ.

"ಎಲ್ಲ ಇಲ್ಲ," ಎಂದು ಅಪ್ಪ ಒಳಗೆ ಹೋದ. ಬೀರುವಿನ ಬೀಗ ತೆಗೆದ ಸದ್ದು ಕೇಳಿಸಿತು. ಹನ್ನೊಂದು ಹಾಳೆ ತಂದು ಅವಳ ಮುಂದಿಟ್ಟ.

"ಇವನ್ನೂ ಇದರೊಳಗೆ ಹಾಕಮ್ಮ."