ಒಗೆಯದ ಅಂಗಿ

ಪೆದ್ರಾಸ್ ಊರಿನ ಎಸ್ತ್ರೆಲಾ ಫುಟ್‌ಬಾಲ್ ಕ್ಲಬ್ಬಿನ ಹಜಾರದಲ್ಲಿ ಹದಿನಾಲ್ಕು ಆಟಗಾರರ ಪಟಗಳನ್ನು ತೂಗುಹಾಕಿದ್ದಾರೆ. ಕ್ಲಬ್ಬಿನ ಹೆಸರು ಮೇಲೆ ತಂದವರು ಇವರೇ ಎಂದು ಊರಿನ ನಂಬಿಕೆ. ಯಾರು ಯಾವ ವರ್ಷ ಎಷ್ಟು ಗೋಲು ಹೊಡೆದರು ಎಂದು ಹೇಳಲು ಕ್ಷೌರಿಕನಿಂದ ಹಿಡಿದು ಪಾದ್ರಿಯವರೆಗೆ ಎಲ್ಲರೂ ತುದಿಗಾಲಲ್ಲಿ ನಿಂತಿರುತ್ತಾರೆ. ಆದರೆ ಈ ಮಹಾನುಭಾವರಲ್ಲಿ ಯಾರ ಬೆವರು ಎಂಥದ್ದು, ಯಾರ ಕೊಳೆ ಎಷ್ಟು ಬಡಿದರೆ ಬಿಡುತ್ತದೆ ಎಂದು ಬಲ್ಲವಳು ಒಬ್ಬಳೇ ಇದ್ದಳು. ಕ್ಲಬ್ಬಿನ ಬಟ್ಟೆ ಒಗೆಯುತ್ತಿದ್ದ ಇದಲಿನಾ; ಹುಡುಗರ ಮರ್ಯಾದೆಯ ಮಾತಿನಲ್ಲಿ ದೋನ ಇದಲಿನಾ.

ಹತ್ತೊಂಬತ್ತು ವರ್ಷ, ಪ್ರತಿ ಸೋಮವಾರ, ಹನ್ನೊಂದು ಬಿಳಿ ಅಂಗಿ. ಕೆಂಪು ಮಣ್ಣಿನ ಊರಿನಲ್ಲಿ ಬಿಳಿ ಅಂಗಿ ಹಾಕಿಸಿದ ಆ ಪುಣ್ಯಾತ್ಮ ಯಾರೋ, ಜನ್ಮದಲ್ಲಿ ಒಂದು ಕರವಸ್ತ್ರವನ್ನೂ ಒಗೆದವನಲ್ಲ. ಇದಲಿನಾ ಬೆಳಗ್ಗೆಯೇ ಹೊಳೆಗೆ ಇಳಿದು ಅಂಗಿಗಳಿಗೆ ಸೋಪು ತಿಕ್ಕಿ, ದಂಡೆಯ ಹುಲ್ಲಿನ ಮೇಲೆ ಹರಡಿ, ಒಣಗದಂತೆ ಆಗಾಗ ನೀರು ಚಿಮುಕಿಸಿ ಬಿಸಿಲು ಕುಡಿಸುತ್ತಿದ್ದಳು. ಮಧ್ಯಾಹ್ನ ಜಾಲಿಸಿ, ನೀಲಿಯಲ್ಲಿ ಅದ್ದಿ ಹಿಂಡಿದರೆ ಕಣ್ಣು ಕೋರೈಸುವಷ್ಟು ಬಿಳುಪು. ಎದುರಾಳಿ ತಂಡಗಳು ಎಸ್ತ್ರೆಲಾದ ಆಟಕ್ಕಿಂತ ಮೊದಲು ಅದರ ಅಂಗಿಗೆ ಹೆದರುತ್ತವೆ ಎಂದು ಯಾರೋ ಹೇಳಿದ್ದನ್ನು ಅವಳು ಮನಸ್ಸಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಳು.

ಗೋಲ್‌ಕೀಪರ್ ಲಿಂದೊಲ್ಫೊನ ಅಂಗಿಯ ಮೊಣಕೈ ಯಾವಾಗಲೂ ಹರಿದಿರುತ್ತಿತ್ತು. ಊರೆಲ್ಲ ಗಂಡೆದೆಯ ಆಟಗಾರ ಎಂದು ಕೊಂಡಾಡುತ್ತಿದ್ದ ಬೆನೆವಿದೆಸ್‌ನ ಅಂಗಿ ಮಾತ್ರ ಹೋದ ಹಾಗೇ ವಾಪಸ್ಸು ಬರುತ್ತಿತ್ತು. ಅವನು ನೆಲಕ್ಕೆ ಬಿದ್ದದ್ದೇ ಇಲ್ಲ ಎಂದು ಒಬ್ಬರು ಹೊಗಳಿದಾಗ ಇದಲಿನಾ ಬಾಯಿ ತಡೆಯಲಾರದೆ, "ಚೆಂಡು ಇರೋ ಕಡೆ ಹೋದ್ರೆ ತಾನೇ ಬೀಳೋದು" ಅಂದುಬಿಟ್ಟಳು. ಆ ಮಾತು ಯಾರಿಗೂ ರುಚಿಸಲಿಲ್ಲ.

ನಲವತ್ತೇಳನೆಯ ಇಸವಿಯ ಅಕ್ಟೋಬರಿನಲ್ಲಿ ಜೆರ್ವಾಸಿಯೊನ ಅಂಗಿಯ ಬಲತೋಳಿನ ಒಳಮಗ್ಗುಲಲ್ಲಿ ಅವಳಿಗೆ ಮೊದಲ ಕಲೆ ಕಂಡಿತು. ಸಾಸಿವೆಯಷ್ಟು ಸಣ್ಣ ನಾಲ್ಕೈದು ಚುಕ್ಕೆ. ಜೆರ್ವಾಸಿಯೊ ಊರಿನ ಬಟ್ಟೆ ಗಿರಣಿಯ ಬಣ್ಣದ ವಿಭಾಗದ ಹುಡುಗ, ಇಪ್ಪತ್ತೆರಡು ವರ್ಷ. ಮೈದಾನದ ಬಲ ಅಂಚಿನಲ್ಲಿ ಅವನು ಓಟ ಕಿತ್ತರೆ ಕುಳಿತಿದ್ದವರೆಲ್ಲ ಎದ್ದು ನಿಲ್ಲುತ್ತಿದ್ದರು. ಆ ವರ್ಷ ಎಸ್ತ್ರೆಲಾ ಫೈನಲ್ಲಿನ ಕಡೆಗೆ ನಡೆದಿದ್ದೇ ಅವನ ಕಾಲಿನ ಮೇಲೆ. ಇದಲಿನಾ ಚುಕ್ಕೆಗಳಿಗೆ ನಿಂಬೆಹಣ್ಣು ಉಜ್ಜಿ, ಬಿಸಿಲಿಗೆ ಹರಡಿ, ಗುರುತೂ ಉಳಿಯದಂತೆ ತೆಗೆದಳು. ಮುಂದಿನ ಸೋಮವಾರ ಅದೇ ಜಾಗದಲ್ಲಿ ಮತ್ತೆ ಚುಕ್ಕೆ. ಮತ್ತೆ ತೆಗೆದಳು. ಹೀಗೆ ನಾಲ್ಕು ಸೋಮವಾರ.

ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವಳ ಗಂಡ ನೇಯ್ಗೆಯವನು. ಅವನ ಅಂಗಿಯ ತೋಳಿನಲ್ಲೂ ಮೊದಲು ಇಂಥ ಚುಕ್ಕೆಗಳೇ ಬಂದವು. ಮೊದಲ ಚುಕ್ಕೆಯಿಂದ ಏಳನೆಯ ವಾರಕ್ಕೆ, ಹತ್ತಿಯ ಮೂಟೆ ಎತ್ತುವಾಗ ಬಾಯಿಂದ ಬಂದ ರಕ್ತ ನಿಲ್ಲಲೇ ಇಲ್ಲ. ಆಗ ಅವನಿಗೆ ಇಪ್ಪತ್ತೊಂಬತ್ತು. ಕ್ಷಯ ಎಂಬ ಮಾತನ್ನು ಪೆದ್ರಾಸಿನಲ್ಲಿ ಯಾರೂ ಗಟ್ಟಿಯಾಗಿ ಆಡುವುದಿಲ್ಲ. ಆಡಿದರೆ ಆ ಮನೆಯ ಬಾಗಿಲಿಗೆ ಹಾಲಿನವನೂ ಬರುವುದಿಲ್ಲ. ಅದಕ್ಕೇ ಇದಲಿನಾ ನಾಲ್ಕು ವಾರ ತನ್ನ ಕಣ್ಣಿಗೆ ತಾನೇ ಮಣ್ಣೆರಚಿಕೊಂಡಳು. ಐದನೆಯ ಸೋಮವಾರ ಕಲೆ ಅಂಗೈಯಗಲವಾಗಿತ್ತು. ಮುಂದಿನ ಭಾನುವಾರವೇ ಫೈನಲ್ಲು. ಆ ಸುಡುಬಿಸಿಲಿನಲ್ಲಿ ತೊಂಬತ್ತು ನಿಮಿಷ ಓಡಿದರೆ ಹುಡುಗ ಮೈದಾನದಿಂದ ಕಾಲ ಮೇಲೆ ನಡೆದು ಬರುತ್ತಾನೆ ಎಂಬ ಭರವಸೆ ಅವಳಿಗೆ ಉಳಿಯಲಿಲ್ಲ. ಹತ್ತು ಅಂಗಿ ಒಗೆದು, ಹನ್ನೊಂದನೆಯದನ್ನು ಹಾಗೇ ಮಡಿಸಿ ಬುಟ್ಟಿಯ ಅಡಿಗೆ ಇಟ್ಟಳು.

ಅವತ್ತೇ ಸಂಜೆ ಗಿರಣಿಯ ಗೇಟಿನಲ್ಲಿ ಕಾದು ನಿಂತು ಜೆರ್ವಾಸಿಯೊನನ್ನು ಪಕ್ಕಕ್ಕೆ ಕರೆದು, ಕಲೆಯ ಮಾತೆತ್ತಿ, ಆಸ್ಪತ್ರೆಗೆ ಹೋಗು ಅಂದಳು. ಅವನು ಮೊದಲು ನಕ್ಕ. ವಸಡಿನ ರಕ್ತ ಅಂದ. ಆಮೇಲೆ ಬಣ್ಣದ ಹಬೆಗೆ ಗಂಟಲು ಒಡೆದಿದೆ ಅಂದ. ಅವಳು ಅದನ್ನೂ ನಂಬದೆ ತಲೆಯಾಡಿಸಿದಾಗ ಅವನ ನಗು ಇಂಗಿತು.

"ಭಾನುವಾರ ರಿಯೋದಿಂದ ದೊಡ್ಡ ಕ್ಲಬ್ಬಿನವರು ನನ್ನ ನೋಡೋಕೆ ಬರ್ತಿದ್ದಾರೆ, ದೋನ ಇದಲಿನಾ," ಅಂದ. "ಒಂದೇ ಒಂದು ಭಾನುವಾರ. ಆಮೇಲೆ ನೀವು ಹೇಳಿದ ಆಸ್ಪತ್ರೆಗೆ ಹೋಗ್ತೀನಿ. ಅಮ್ಮನಿಗೆ ಮಾತ್ರ ಹೇಳ್ಬೇಡಿ."

"ನನ್ನ ಗಂಡನೂ ಆಮೇಲೆ ಹೋಗ್ತೀನಿ ಅಂದಿದ್ದ ಕಣೋ," ಅಂದಳು ಇದಲಿನಾ.

ಅವನು ಕೇಳಿಸಿಕೊಳ್ಳದವನಂತೆ ಸೈಕಲ್ ಹತ್ತಿದ. ದಿಬ್ಬ ಏರುವಾಗ ನಡುವೆ ಎರಡು ಸಲ ಇಳಿದು ನಿಂತ. ಅಷ್ಟು ಚಿಕ್ಕ ದಿಬ್ಬಕ್ಕೆ ಎರಡು ಸಲ.

ಬುಧವಾರ ಇದಲಿನಾ ಅಂಗಿ ಹಿಡಿದು ಗಿರಣಿಯ ಮ್ಯಾನೇಜರನೂ ಕ್ಲಬ್ಬಿನ ಅಧ್ಯಕ್ಷನೂ ಆಗಿದ್ದ ಬೆಲಾರ್ಮೀನೊನ ಕಚೇರಿಗೆ ಹೋದಳು. ಹತ್ತೊಂಬತ್ತು ವರ್ಷದಲ್ಲಿ ಅವಳು ಕೊಳಕು ಅಂಗಿಯೊಂದನ್ನು ಯಾರ ಮುಂದೆಯೂ ಇಟ್ಟವಳಲ್ಲ. ನಾಚಿಕೆಪಡುತ್ತಲೇ ಮೇಜಿನ ಮೇಲೆ ತೋಳನ್ನು ಬಿಡಿಸಿ ತೋರಿಸಿದಳು. ಬೆಲಾರ್ಮೀನೊ ಬೆಚ್ಚಿಬೀಳುತ್ತಾನೆ, ಡಾಕ್ಟರನ್ನು ಕರೆಸುತ್ತಾನೆ ಎಂದು ಅವಳು ಎಣಿಸಿದ್ದಳು. ಅವನು ಎದ್ದು ಬಾಗಿಲು ಮುಚ್ಚಿದ, ಅಷ್ಟೇ.

"ಡಾಕ್ಟರು ನೋಡಿ ಆಗಿದೆ," ಅಂದ. "ಸೋಮವಾರ ನಾವೇ ಅವನನ್ನ ಬೆಟ್ಟದ ಮೇಲಿನ ಆಸ್ಪತ್ರೆಗೆ ಕಳಿಸ್ತೀವಿ. ಭಾನುವಾರದ ತನಕ ನೀನು ಏನೂ ನೋಡಿಲ್ಲ. ತಗೊಂಡು ಹೋಗಿ ಒಗಿ."

ಇವರಿಗೆಲ್ಲ ಗೊತ್ತಿದೆ. ಗೊತ್ತಿದ್ದೂ ಓಡಿಸುತ್ತಾರೆ. ಅವಳು ಸಿಟ್ಟಿನಿಂದ ಅಂಗಿಯನ್ನು ಮೇಜಿನಿಂದ ಬಾಚಿಕೊಂಡಳು. ಕ್ಲಬ್ಬಿನ ಬಟ್ಟೆ ಒಗೆಯಲು ಊರಿನಲ್ಲಿ ಬೇಕಾದಷ್ಟು ಜನ ಕಾಯುತ್ತಿದ್ದಾರೆ ಎಂದು ಬೆಲಾರ್ಮೀನೊ ಬಾಗಿಲು ತೆರೆಯುತ್ತಾ ನೆನಪಿಸಿದ.

ಉಳಿದದ್ದು ಒಂದೇ ದಾರಿ, ಹುಡುಗನ ತಾಯಿ. ಆ ದಾರಿಯೇ ಎಲ್ಲಕ್ಕಿಂತ ಕಷ್ಟದ್ದು. ಗಿರಣಿಯ ಗೇಟಿನಲ್ಲಿ ಮೆಕ್ಕೆಜೋಳದ ಕೇಕು ಮಾರುತ್ತಿದ್ದ ಪೆತ್ರೊನಿಲಾ ಹಿಂದೆ ಹೊಳೆಯಲ್ಲಿ ಇದಲಿನಾಳ ಪಕ್ಕದ ಕಲ್ಲಿನಲ್ಲಿ ಬಟ್ಟೆ ಒಗೆದವಳು. ಮೊದಲ ಎಂಟು ವರ್ಷ ಕ್ಲಬ್ಬಿನ ಅಂಗಿಗಳನ್ನು ಇಬ್ಬರೂ ಹಂಚಿಕೊಂಡು ಒಗೆಯುತ್ತಿದ್ದರು. ಹನ್ನೊಂದು ವರ್ಷದ ಕೆಳಗೆ ಕ್ಲಬ್ಬಿನವರು ಕೆಲಸವನ್ನು ಇದಲಿನಾಳೊಬ್ಬಳಿಗೇ ಕೊಟ್ಟರು. ಅವಳು ತನ್ನ ಅನ್ನಕ್ಕೆ ಕಲ್ಲು ಹಾಕಿದಳು ಎಂದು ಪೆತ್ರೊನಿಲಾ ಅಂದಿನಿಂದ ಮಾತು ಬಿಟ್ಟಿದ್ದಳು. ಅಂಥವಳಿಗೆ ನಿನ್ನ ಮಗನನ್ನು ಫೈನಲ್ಲಿನಲ್ಲಿ ಆಡಿಸಬೇಡ ಎಂದು ಹೇಳುವುದು ಹೇಗೆ? ಹೊಟ್ಟೆಕಿಚ್ಚು ಅಂದುಕೊಳ್ಳುತ್ತಾಳೆ. ಕೇಕಿನ ಬುಟ್ಟಿಯ ಮುಂದೆ ಜನರ ನಡುವೆ ಕ್ಷಯ ಎಂದರೆ ಅವತ್ತಿಗೇ ಅವಳ ವ್ಯಾಪಾರ ಮುಳುಗುತ್ತದೆ. ಶುಕ್ರವಾರ ಇದಲಿನಾ ಕೇಕಿನ ಸಾಲಿನಲ್ಲಿ ನಿಂತಳು, ಕಿವಿಯಲ್ಲಾದರೂ ಹೇಳೋಣವೆಂದು. ಪೆತ್ರೊನಿಲಾ ಅವಳನ್ನು ದಾಟಿ ಹಿಂದಿನವನಿಗೆ ಕೇಕು ಕೊಟ್ಟಳು. ಅವನಾದ ಮೇಲೆ ಅವನ ಹಿಂದಿನವನಿಗೆ.

ಭಾನುವಾರ ಬಂತು. ಆಟ ಮೂರು ಗಂಟೆಗೆ. ಬೆಳಗ್ಗೆಯಿಂದಲೇ ಪಟಾಕಿ, ಡೋಲು, ಕಿಟಕಿ ಕಿಟಕಿಗೂ ಬಿಳಿ ಬಾವುಟ. ಎರಡು ಗಂಟೆಯ ಹೊತ್ತಿಗೆ ಚರ್ಚಿನಲ್ಲಿ ಪ್ರಾರ್ಥನೆ ಮುಗಿಸಿ ಮನೆಗೆ ಬಂದ ಪೆತ್ರೊನಿಲಾ ಬಾಗಿಲಲ್ಲಿ ಇದಲಿನಾಳನ್ನು ಕಂಡು, ತಲೆಯ ಮೇಲಿನ ಕಪ್ಪು ವಸ್ತ್ರವನ್ನೂ ತೆಗೆಯದೆ, ದಾರಿ ಬಿಡು ಎಂದು ಕೈಸನ್ನೆ ಮಾಡಿದಳು. ಇದಲಿನಾ ದಾರಿ ಬಿಡಲಿಲ್ಲ. ವಾದಕ್ಕೂ ನಿಲ್ಲಲಿಲ್ಲ. ಅಂಗಿಯನ್ನು ಅವಳ ಕೈಗೆ ತುರುಕಿದಳು.

ಪೆತ್ರೊನಿಲಾ ಅದನ್ನು ಎಸೆಯಲು ಕೈ ಎತ್ತಿದವಳು ಅರ್ಧಕ್ಕೆ ನಿಂತಳು. ಹನ್ನೊಂದು ವರ್ಷ ಹೊಳೆಗೆ ಇಳಿಯದಿದ್ದರೂ ಕೈ ಕೆಲಸ ಮರೆತಿರಲಿಲ್ಲ. ತೋಳನ್ನು ಒಳಮಗ್ಗುಲು ತಿರುಗಿಸಿದಳು. ಬೆಳಕಿಗೆ ಹಿಡಿದಳು. ಮೂಸಿದಳು. ಬೆರಳಿಗೆ ಉಗುಳು ಹಚ್ಚಿ ಕಲೆಯ ಅಂಚನ್ನು ಉಜ್ಜಿ ನೋಡಿದಳು.

"ಮೂಗಿನ ರಕ್ತ ಎದೆ ಮೇಲೆ ಇಳಿಯುತ್ತೆ," ಅಂದಳು.

"ಹೌದು."

"ಇದು ಬಾಯಿ ಒರೆಸ್ಕೊಂಡ ಜಾಗ."

"ಹೌದು."

"ಎಷ್ಟು ವಾರದಿಂದ?"

"ಐದು."

ಪೆತ್ರೊನಿಲಾ ತಲೆ ಎತ್ತಿದಳು. "ನಾಲ್ಕು ಸಲ ನೀನು ಒಗೆದ್ಯಾ?"

ಒಗೆದಿದ್ದಳು. ಸ್ವಲ್ಪವೂ ಕಲೆ ಉಳಿಯದಂತೆ, ತಾಯಿಯ ಕಣ್ಣಿಗೂ ಬೀಳದಂತೆ, ತನ್ನ ಕೈಗುಣದ ಮೇಲೆ ಹೆಮ್ಮೆಪಟ್ಟುಕೊಂಡು ಒಗೆದಿದ್ದಳು. ಪೆತ್ರೊನಿಲಾ ಅವಳ ಕೆನ್ನೆಗೆ ಬಾರಿಸಿದ್ದರೆ ಅದೇ ಹಗುರವಾಗಿರುತ್ತಿತ್ತು. ಬಾರಿಸಲಿಲ್ಲ. ಅಂಗಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮೈದಾನದ ಕಡೆಗೆ ಬಿರಬಿರನೆ ನಡೆದಳು. ಇದಲಿನಾ ನಾಲ್ಕು ಹೆಜ್ಜೆ ಹಿಂದೆ ಓಡಿದಳು.

ಬಟ್ಟೆ ಬದಲಿಸುವ ಕೋಣೆಗೆ ಹೆಂಗಸರು ಹೋದದ್ದು ಕ್ಲಬ್ಬಿನ ಚರಿತ್ರೆಯಲ್ಲೇ ಇಲ್ಲ. ಬಾಗಿಲಲ್ಲಿದ್ದವನು ತಡೆಯುವಷ್ಟರಲ್ಲಿ ಪೆತ್ರೊನಿಲಾ ಒಳಗಿದ್ದಳು. ಹತ್ತು ಜನ ಇದಲಿನಾ ಒಗೆದ ಬಿಳಿ ಅಂಗಿಗಳಲ್ಲಿ ಸಿದ್ಧರಾಗಿದ್ದರು. ಜೆರ್ವಾಸಿಯೊಗೆ ಯಾವುದೋ ಹಳೆಯ ಅಂಗಿ ಹುಡುಕಿ ತೊಡಿಸಿದ್ದರು. ಅವನು ಬೂಟಿನ ದಾರ ಬಿಗಿಯುತ್ತಿದ್ದ. ಮಣ್ಣಿನ ಹೂಜಿಯೊಂದು ಕೈಯಿಂದ ಕೈಗೆ ದಾಟುತ್ತಿತ್ತು; ಎಲ್ಲರೂ ಅದರ ಕಂಠಕ್ಕೇ ಬಾಯಿಟ್ಟು ನೀರು ಕುಡಿಯುವುದು ರೂಢಿ.

"ಮನೆಗೆ ನಡಿ," ಅಂದಳು ತಾಯಿ.

ಅವನು ಅವಳ ಕಂಕುಳಲ್ಲಿದ್ದುದನ್ನು ನೋಡಿದ, ಬಾಗಿಲಲ್ಲಿ ನಿಂತ ಇದಲಿನಾಳನ್ನು ನೋಡಿದ. "ಅಮ್ಮಾ, ತೊಂಬತ್ತೇ ನಿಮಿಷ. ಆಮೇಲೆ ನೀನು ಹೇಳಿದ ಹಾಗೆ ಕೇಳ್ತೀನಿ."

ಬೆಲಾರ್ಮೀನೊ ನಡುವೆ ಬಂದು, ಸೆಖೆಗೆ ಮೂಗಿನಲ್ಲಿ ರಕ್ತ ಬರುವುದು ಸಹಜ, ತಾಯಂದಿರು ಸುಮ್ಮನೆ ಗಾಬರಿಯಾಗುತ್ತಾರೆ ಎಂದು ನಯವಾಗಿ ಶುರುಮಾಡಿದ. ಪೆತ್ರೊನಿಲಾ ಅವನ ಕಡೆ ತಿರುಗಿಯೂ ನೋಡಲಿಲ್ಲ. ಆಟಗಾರರ ಮೈಕೈ ತಿಕ್ಕುವ ಮೇಜಿನ ಮೇಲೆ ಅಂಗಿಯನ್ನು ಹರಡಿ, ತೋಳನ್ನು ಮಗುಚಿಟ್ಟಳು. ನಾಳೆಯಿಂದ ತನ್ನ ಕೇಕನ್ನು ನಾಯಿಯೂ ಮುಟ್ಟುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹೂಜಿ ಆಗ ಎಡ ಅಂಚಿನ ಆಟಗಾರನ ಕೈಯಲ್ಲಿತ್ತು. ಅವನು ಅದನ್ನು ಮೆಲ್ಲಗೆ ನೆಲದ ಮೇಲಿಟ್ಟು, ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡ. ಬೆನೆವಿದೆಸ್ ಬೆಂಚಿನಿಂದ ಎದ್ದು ಗೋಡೆಯ ಕಡೆ ಸರಿದ. ಅವನ ಹಿಂದೆ ಇನ್ನಿಬ್ಬರು. ನೋಡನೋಡುತ್ತ ಜೆರ್ವಾಸಿಯೊನ ಎರಡೂ ಪಕ್ಕದ ಬೆಂಚು ಬರಿದಾಯಿತು. ಚಿಕ್ಕಂದಿನಿಂದ ಜೊತೆಗೆ ಆಡಿದವರು, ಅವನ ಮನೆಯಲ್ಲಿ ಉಂಡವರು. ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಒಬ್ಬರೂ ಕಣ್ಣು ಕೊಡಲಿಲ್ಲ. ಇದಲಿನಾಳ ಮಾತಿಗೆ, ತಾಯಿಯ ಮಾತಿಗೆ ಬಗ್ಗದವನು ಅಲ್ಲಿಗೆ ಕುಸಿದ. ದಾರ ಬಿಚ್ಚಲು ಹೋದರೆ ಬೆರಳು ಕೇಳಲಿಲ್ಲ. ಆಗ ಗೋಲ್‌ಕೀಪರ್ ಲಿಂದೊಲ್ಫೊ ಬಂದು ಅವನ ಮುಂದೆ ಮಂಡಿಯೂರಿ, ಒಂದಾದ ಮೇಲೊಂದು ಬೂಟಿನ ಗಂಟು ಬಿಚ್ಚಿ, ಕಾಲು ಹಿಡಿದು ಬೂಟು ಕಳಚಿದ. ಬಾಗಿಲಲ್ಲಿ ಇದಲಿನಾ ಗೋಳೋ ಎಂದು ಅತ್ತಳು.

ಎಸ್ತ್ರೆಲಾ ಮೂರು-ಒಂದರಿಂದ ಸೋತಿತು. ರಿಯೋದಿಂದ ಬಂದವನು ಎರಡು ಕಿತ್ತಳೆ ಹಣ್ಣು ತಿಂದು, ಎದುರು ತಂಡದ ಹುಡುಗನೊಬ್ಬನ ಹೆಸರು ಬರೆದುಕೊಂಡು ರೈಲು ಹತ್ತಿದ. ಸೋಮವಾರ ಇದಲಿನಾಳ ಮನೆಗೆ ಅಂಗಿಗಳ ಬುಟ್ಟಿ ಬರಲಿಲ್ಲ. ಅವಳ ಬಾಗಿಲಿಗೆ ಯಾರೋ ಕೆಂಪು ಮಣ್ಣು ಮೆತ್ತಿ ಹೋಗಿದ್ದರು. ಟ್ರೋಫಿ ಕಳೆದುಕೊಂಡ ಊರು ಅವಳನ್ನು ವರ್ಷಗಟ್ಟಲೆ ಕ್ಷಮಿಸಲಿಲ್ಲ. ಜೆರ್ವಾಸಿಯೊ ಬೆಟ್ಟದ ಆಸ್ಪತ್ರೆ ಸೇರಿದ. ಕೇಕಿನ ವ್ಯಾಪಾರ ಮುಳುಗಿ ಪೆತ್ರೊನಿಲಾ ಮತ್ತೆ ಹೊಳೆಗೆ ಬಂದು ತನ್ನ ಹಳೆಯ ಕಲ್ಲಿನ ಮುಂದೆ ನಿಂತಳು. ಊರಿನವರು ಅವಳಿಗೆ ಬಟ್ಟೆ ಕೊಡುತ್ತಿರಲಿಲ್ಲ. ಇದಲಿನಾ ತನಗೆ ಬರುತ್ತಿದ್ದ ವಸತಿಗೃಹದ ಹಾಸಿಗೆ ಬಟ್ಟೆಗಳಲ್ಲಿ ಅರ್ಧವನ್ನು ಆ ಕಲ್ಲಿನ ಮೇಲೆ ಇಟ್ಟು ತನ್ನ ಕೆಲಸಕ್ಕೆ ತಿರುಗುತ್ತಿದ್ದಳು. ಪೆತ್ರೊನಿಲಾ ಅವನ್ನು ಒಗೆಯುತ್ತಿದ್ದಳು. ಮಾತು ಮಾತ್ರ ಇರಲಿಲ್ಲ.

ಎರಡೂವರೆ ವರ್ಷದ ಮೇಲೆ ಒಂದು ಬೆಳಗ್ಗೆ, ಒಂದು ಭುಜ ತಗ್ಗಿದ, ಕೋಟು ತೊಟ್ಟ ಮನುಷ್ಯನೊಬ್ಬ ಹೊಳೆಯ ಮೆಟ್ಟಿಲು ಇಳಿದು ಬಂದ. ಬಲಗಡೆಯ ಶ್ವಾಸಕೋಶ ಕೆಲಸ ಬಿಟ್ಟಿತ್ತು. ಇಳಿಯುವಾಗಲೂ ನಿಂತು ನಿಂತು ಇಳಿದ. ಇದಲಿನಾ ಗುರುತು ಹಿಡಿದು, ಹಿಂಡುತ್ತಿದ್ದ ಹಾಸಿಗೆ ಬಟ್ಟೆಯನ್ನು ಕಲ್ಲಿನ ಮೇಲಿಟ್ಟಳು. ಬೈಯಲಿ, ಕಲ್ಲು ತೆಗೆದು ಹೊಡೆಯಲಿ ಎಂದು ಸುಮ್ಮನೆ ನಿಂತಳು.

"ನಾನು ಆಡಿದ್ರೆ ಗೆಲ್ತಿದ್ವಿ," ಅಂದ ಜೆರ್ವಾಸಿಯೊ.

"ಗೆಲ್ತಿದ್ರಿ."

"ಅಲ್ಲಿ ಮಲಗಿದಷ್ಟು ದಿನ, ಒಂದೊಂದು ಉಸಿರಿಗೂ ನಿಮ್ಮನ್ನ ಬೈದಿದ್ದೀನಿ, ದೋನ ಇದಲಿನಾ."

"ಉಸಿರಾಡಿದ್ಯಲ್ಲ," ಅಂದಳು ಅವಳು.

ಅವನು ಕೋಟು ಬಿಚ್ಚಿ ಮೆಟ್ಟಿಲ ಮೇಲಿಟ್ಟು, ಅವಳು ಹಿಂಡುತ್ತಿದ್ದ ಹಾಸಿಗೆ ಬಟ್ಟೆಯ ಇನ್ನೊಂದು ತುದಿಯನ್ನು ಹಿಡಿದುಕೊಂಡ.