ಚೆಕ್ಕುಬಂದಿ ಇಲ್ಲದ ಕಾಗದ

ತಿಪಟೂರಿನ ಕೋರ್ಟಿನಲ್ಲಿ ನಲವತ್ತು ವರ್ಷ ಕರಿಕೋಟು ಸವೆಸಿದವನು ನಾನು. ನನ್ನ ಕಾನೂನೆಲ್ಲ ತೆಂಗಿನ ಮರದ ಬುಡದಲ್ಲೇ ಬೆಳೆದದ್ದು. ಅಣ್ಣತಮ್ಮಂದಿರ ವಿಭಾಗ, ಬದುವಿನ ತಂಟೆ, ಪಕ್ಕದವನ ತೋಟಕ್ಕೆ ಬಾಗಿದ ಮರದ ಕಾಯಿ ಯಾರಿಗೆ ಸೇರಬೇಕೆಂಬ ಘನಗಂಭೀರ ಪ್ರಶ್ನೆ. ಸಮುದ್ರವನ್ನು ಒಂದೇ ಒಂದು ಸಲ, ಧರ್ಮಸ್ಥಳಕ್ಕೆ ಹೋದಾಗ ಮಂಗಳೂರಿನವರೆಗೂ ಹೋಗಿ ನೋಡಿ ಬಂದಿದ್ದೆ. ಬಹಳ ನೀರಿತ್ತು.

ಇಂಥವನ ಬಳಿಗೆ ಸಮುದ್ರದ ವ್ಯಾಜ್ಯ ಬಂದದ್ದು ತಂಗಿಯ ಅಳಿಯನ ಬಲಗೈಯ ರೂಪದಲ್ಲಿ. ಶೆಟ್ಟಿಕೆರೆಯವನು. ಐಟಿಐ ಓದಿ, ಪಂಪ್‌ಸೆಟ್ ರಿಪೇರಿಯಲ್ಲಿ ಕೈ ಪಳಗಿಸಿಕೊಂಡು, ಸರಕು ಹಡಗಿನ ಎಂಜಿನ್ ಕೋಣೆಗೆ ಫಿಟ್ಟರ್ ಆಗಿ ಸೇರಿದ್ದ. ಎರಡನೆಯ ಸಲ ಹೋದಾಗ, ಎತ್ತಿ ಕಟ್ಟಿದ್ದ ಕಬ್ಬಿಣದ ಮುಚ್ಚಳವೊಂದು ಜಾರಿ ಅಂಗೈಯ ಮೇಲೆ ಬಿತ್ತು. ಯಾವುದೋ ಪರದೇಶದ ಬಂದರಿನ ಆಸ್ಪತ್ರೆಯಲ್ಲಿ ಮೂಳೆಗೆ ಕಂಬಿ ಹಾಕಿಸಿ, ವಿಮಾನ ಹತ್ತಿಸಿ ಕಳಿಸಿದರು.

ಹದಿನೈದು ದಿನಕ್ಕೆ ಹಡಗಿನ ಕಂಪನಿಯ ಏಜೆಂಟು ಕಾರಿನಲ್ಲಿ ಶೆಟ್ಟಿಕೆರೆಗೇ ಬಂದ. ಕೈಯಲ್ಲಿ ಸೇಬು, ಮೂಸಂಬಿ, ಒಂದು ಚೆಕ್ಕು, ಇಂಗ್ಲಿಷಿನಲ್ಲಿದ್ದ ಆರು ಪುಟದ ಕಾಗದ. ಮನೆಯವರು ನನ್ನನ್ನು ಕರೆಸಿದರು.

ನಮ್ಮ ಕಡೆಯ ಪದ್ಧತಿಯೊಂದನ್ನು ಇಲ್ಲಿ ಹೇಳಬೇಕು. ಕಾಯಿ ಕೀಳುವವನು ಮರದಿಂದ ಬಿದ್ದರೆ ತೋಟದ ಯಜಮಾನ ಹಣ್ಣು ಹಿಡಿದು ಅವನ ಮನೆಗೆ ಹೋಗುತ್ತಾನೆ. ನಾಲ್ಕು ಜನರ ಮುಂದೆ ಆಸ್ಪತ್ರೆ ಖರ್ಚು ಕೊಡುತ್ತಾನೆ. ‘ನನಗೆ ಇನ್ನೇನೂ ತಕರಾರಿಲ್ಲ’ ಎಂದು ಬಿದ್ದವನು ಕಾಗದ ಬರೆದುಕೊಡುತ್ತಾನೆ. ಅಂಥ ಕಾಗದಗಳನ್ನು ನಾನು ಎಷ್ಟೋ ಬರೆದಿದ್ದೇನೆ. ತಮಾಷೆಯೆಂದರೆ, ಯಜಮಾನನ ಹೊಣೆ ಶುರುವಾಗುವುದೇ ಆ ಕಾಗದದ ಮಾರನೆಯ ದಿನದಿಂದ. ವರ್ಷಗಟ್ಟಲೆ ಆ ಮನೆಗೆ ರಾಗಿ ಹೋಗುತ್ತದೆ, ಕಾಯಿ ಹೋಗುತ್ತದೆ, ಹೆಣ್ಣುಮಗಳ ಮದುವೆಗೆ ಸೀರೆ ಹೋಗುತ್ತದೆ. ಕಾಗದದಲ್ಲಿ ಇಲ್ಲದ್ದೆಲ್ಲ ನಡೆಯುತ್ತದೆ. ಕಾಗದ ಕೊಡದೆ ಹಟ ಹಿಡಿದವನ ಮನೆ ಕಡೆಗೆ ಯಾರೂ ತಲೆಹಾಕುವುದಿಲ್ಲ.

ಏಜೆಂಟಿನ ಆರು ಪುಟಗಳನ್ನು ನಾನು ತಿರುವಿ ನೋಡಿದೆ. ಪೂರ್ವಕ್ಕೆ ಇಂಥವರ ತೋಟ, ಪಶ್ಚಿಮಕ್ಕೆ ಹಳ್ಳ ಎನ್ನುವ ಚೆಕ್ಕುಬಂದಿ ಎಲ್ಲೂ ಇರಲಿಲ್ಲ. ಚೆಕ್ಕುಬಂದಿ ಇಲ್ಲದ ಕಾಗದದಿಂದ ಯಾರ ಮನೆಯೂ ಹಾಳಾಗದು ಎಂಬುದು ನನ್ನ ನಲವತ್ತು ವರ್ಷದ ಸಿದ್ಧಾಂತ.

ತಂಗಿಯ ಮಗಳು ಮಾತ್ರ ಬಾಗಿಲಿಗೆ ಒರಗಿಕೊಂಡು ಕೇಳಿದಳು: “ಮಾವ, ಕೈ ಇನ್ನೂ ವಾಸಿಯಾಗಿಲ್ವಲ್ಲ. ಈಗ್ಲೇ ಯಾಕೆ ಬರ್ಕೊಡ್ಬೇಕು?”

“ಸುಮ್ನಿರು ಕಣೇ. ಮನೆ ಬಾಗ್ಲಿಗೆ ಬಂದೋರ್ನ ಹಂಗೇ ಕಳ್ಸೋದಾ? ಕಾಗ್ದ ಆದ್ಮೇಲೆ ಎಲ್ಲಾ ಅವ್ರೇ ನೋಡ್ಕೋತಾರೆ” ಎಂದೆ.

ಬಲಗೈಗೆ ಬ್ಯಾಂಡೇಜಿದ್ದುದರಿಂದ ಐಟಿಐ ಓದಿದವನು ಎಡಗೈ ಹೆಬ್ಬೆಟ್ಟು ಒತ್ತಿದ. ಸಾಕ್ಷಿಗೆ ನಾನು ಸಹಿ ಹಾಕಿದೆ. “ಸರ್, ನಿಮ್ಮ ಸೀಲೂ ಇದ್ದರೆ ಚೆನ್ನಾಗಿರುತ್ತೆ” ಎಂದು ಏಜೆಂಟು ಬಹಳ ವಿನಯದಿಂದ ಕೇಳಿದ. ಸೀಲು ನನ್ನ ಚೀಲದಲ್ಲೇ ಇತ್ತು. ಅದಿಲ್ಲದೆ ನಾನು ತರಕಾರಿಗೂ ಹೋಗುವವನಲ್ಲ.

ಎರಡು ತಿಂಗಳಾಗುವ ಹೊತ್ತಿಗೆ ಕಂಬಿ ಹಾಕಿದ ಕಡೆ ಕೀವು ತುಂಬಿತು. ಬೆಂಗಳೂರಿನಲ್ಲಿ ದೊಡ್ಡ ಆಪರೇಷನ್ ಆಗಬೇಕು, ತಡವಾದರೆ ಬೆರಳು ಉಳಿಯುವುದಿಲ್ಲ ಎಂದರು ತುಮಕೂರಿನ ವೈದ್ಯರು. ಚೆಕ್ಕಿನ ಹಣ ಅಷ್ಟರಲ್ಲಿ ಔಷಧಿಗೇ ಕರಗಿತ್ತು. ಏಜೆಂಟಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಮೂರನೆಯ ದಿನ ಮೊಬೈಲಿಗೆ ಒಂದು ಸಾಲು ಬಂತು: ವಿಷಯ ಪೂರ್ತಿ ಮುಗಿದಿದೆ, ಕಾಗದ ನೋಡಿಕೊಳ್ಳಿ.

ಗಂಡಹೆಂಡತಿ ಬಸ್ಸಿಳಿದು ನೇರ ನನ್ನ ಆಫೀಸಿಗೆ ಬಂದರು. ಅವನು ಹೇಳಿದ: “ಮಾವ, ಸ್ಪ್ಯಾನರ್ ಹಿಡಿಯೋವಷ್ಟು ಉಳುದ್ರೂ ಸಾಕು. ಹೆಬ್ಬೆಟ್ಟು, ಜೊತೆಗೆ ಎರಡು ಬೆರಳು.” ಸಂತೆಯಲ್ಲಿ ಚೌಕಾಸಿ ಮಾಡುವವನ ದನಿ ಅದು. ಆದರೆ ಎದುರಿಗೆ ಮಾರುವವನು ಯಾರೂ ಇರಲಿಲ್ಲ.

ಹಡಗಿನಲ್ಲಿ ಗಾಯಗೊಂಡವರ, ಸಂಬಳ ಸಿಗದವರ ಕೇಸು ನೋಡುವ ವಕೀಲೆಯೊಬ್ಬರು ಮಂಗಳೂರಿನಲ್ಲಿದ್ದಾರೆಂದು ವಿಚಾರಿಸಿ ತಿಳಿದುಕೊಂಡೆ. ಬಡವರಿಂದ ಫೀಸು ತೆಗೆದುಕೊಳ್ಳುವುದಿಲ್ಲವಂತೆ. ನನ್ನ ವೃತ್ತಿಜೀವನದಲ್ಲಿ ಇಂಥ ಕಾಯಿಲೆ ಕಂಡದ್ದು ಅಪರೂಪ. ಕಾಗದದ ಫೋಟೋ ಕಳಿಸಿ, ಇಬ್ಬರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ ಫೋನ್ ಮಾಡಿದೆ.

“ಕೈ ಗುಣ ಆಗುವವರೆಗೆ, ಇಲ್ಲದಿದ್ದರೆ ಇನ್ನು ಗುಣ ಆಗುವುದಿಲ್ಲ ಅಂತ ಡಾಕ್ಟರು ಬರೆದುಕೊಡುವವರೆಗೆ, ಚಿಕಿತ್ಸೆ ಹಡಗಿನವರದ್ದೇ ಜವಾಬ್ದಾರಿ ಸರ್” ಎಂದರು ಆಕೆ. “ಅದನ್ನು ಬಿಟ್ಟುಕೊಟ್ಟ ಹಾಗೆ ಬರೆಸಿಕೊಂಡಿದ್ದಾರೆ. ವಕೀಲರ ಸಲಹೆ ಇಲ್ಲದೆ ಒತ್ತಿದ ಹೆಬ್ಬೆಟ್ಟು ಅಂತ ವಾದ ಮಾಡಬಹುದಿತ್ತು. ಆದರೆ ಇದರಲ್ಲಿ ಒಬ್ಬ ವಕೀಲರ ಸೀಲ್ ಉಂಟಲ್ಲ ಮಾರಾಯ್ರೆ. ಯಾರು ಈ ಪುಣ್ಯಾತ್ಮ?”

“ನಾನೇ” ಎಂದೆ.

ಆಕೆ ಮೆಲ್ಲಗೆ, “ಸರ್, ಇದರ ಪರಿಣಾಮ ಏನು ಅಂತ ನೀವು ಅವರಿಗೆ ಹೇಳಿದ್ರಾ?” ಎಂದರು.

“ನನಗೆ ಗೊತ್ತಿದ್ದರೆ ತಾನೆ ಹೇಳುವುದು.”

“ಹಾಗಾದರೆ ಅದನ್ನೇ ಪ್ರಮಾಣಪತ್ರದಲ್ಲಿ ಬರೆದುಕೊಡಿ. ಬೇರೆ ದಾರಿ ಇಲ್ಲ. ನಾಳೆ ಕಂಪನಿಯವರು ನಿಮ್ಮ ಮೇಲೂ ತಿರುಗಿ ಬೀಳಬಹುದು.”

ಆ ದಿನವೇ ಕೂತು ಬರೆದೆ. ಮೊದಲ ಪ್ರತಿಯಲ್ಲಿ ಸನ್ನಿವೇಶದ ಒತ್ತಡ, ಭಾಷೆಯ ಜಟಿಲತೆ, ಏಜೆಂಟಿನ ಆತುರ ಎಲ್ಲವೂ ಬಂದವು. ತಂಗಿಯ ಮಗಳು ಓದಿ ವಾಪಸ್ ಕೊಟ್ಟಳು. “ಇದ್ರಲ್ಲಿ ತಪ್ಪು ಯಾರ್ದು ಅಂತ್ಲೇ ಇಲ್ವಲ್ಲ ಮಾವ.” ಎರಡನೆಯದನ್ನೂ ಹಾಗೆಯೇ ಕೊಟ್ಟಳು. ಮೂರನೆಯದು ಅರ್ಧ ಪುಟಕ್ಕೆ ಮುಗಿಯಿತು: ಕಾಗದವನ್ನು ನಾನು ಪೂರ್ತಿ ಓದಲಿಲ್ಲ. ಹಡಗಿನ ಕಾನೂನು ನನಗೆ ತಿಳಿಯದು. ನಮ್ಮ ಊರಿನ ಪದ್ಧತಿಯೇ ಅಲ್ಲೂ ಇರಬಹುದೆಂದು ತಿಳಿದೆ. ನಾನು ಹೇಳಿದ್ದರಿಂದಲೇ ಅವನು ಹೆಬ್ಬೆಟ್ಟು ಒತ್ತಿದ.

ನೋಟರಿ ಒಂದು ಕಾಲದಲ್ಲಿ ನನ್ನ ಜೂನಿಯರ್ ಆಗಿದ್ದವನು. ಓದಿ ತಲೆ ಎತ್ತಲಿಲ್ಲ.

“ಸಾರ್, ಇದನ್ನ ಬಾರ್ ಕೌನ್ಸಿಲ್‌ನೋರು ಓದುದ್ರೆ?”

“ಅವ್ರು ಕಾಗ್ದ ಪೂರ್ತಿ ಓದೋರಲ್ಲ ಕಣಪ್ಪ. ನನ್ ತರಾನೇ. ಒತ್ತು.”

ಕೇಸು ದಾಖಲಾಯಿತು. ಕೀವಿಗೆ ಕೇಸಿನ ತಾರೀಕು ಗೊತ್ತಿರಲಿಲ್ಲ. ಅಂಗೈ ಉಳಿಸಲು ತುಮಕೂರಿನಲ್ಲೇ ಕಿರುಬೆರಳನ್ನೂ ಅದರ ಪಕ್ಕದ್ದನ್ನೂ ತೆಗೆದರು. ಉಳಿದವು ಹೆಬ್ಬೆಟ್ಟು, ಜೊತೆಗೆ ಎರಡು ಬೆರಳು. ಅವನು ಕೇಳಿದ್ದಷ್ಟೇ. ಆದರೆ ಅವು ಮಡಚುವುದಿಲ್ಲ. ಪೂರ್ತಿ ಸೆಟೆದುಕೊಳ್ಳುವ ಮೊದಲು ಬೆಂಗಳೂರಿನ ಆಪರೇಷನ್ ಆಗಲೇಬೇಕು ಎನ್ನುತ್ತಾರೆ ವೈದ್ಯರು.

ಕಂಪನಿಯ ತಕರಾರು ಅರ್ಜಿ ಕಳೆದ ವಾರ ಬಂತು. ಸಾಕ್ಷಿ ಹಾಕಿದವರು ನಲವತ್ತು ವರ್ಷ ಅನುಭವವುಳ್ಳ, ಗೌರವಾನ್ವಿತ, ನುರಿತ ನ್ಯಾಯವಾದಿಗಳು. ಇಂಥವರು ಕಾಗದ ಓದದೆ ಸೀಲು ಹಾಕಿದರೆಂದರೆ ನಂಬಲಾಗದು ಎಂದು ಅದರಲ್ಲಿದೆ. ನನ್ನನ್ನು ಇಷ್ಟೊಂದು ಹೊಗಳಿದ ಕಾಗದ ಇನ್ನೊಂದಿಲ್ಲ. ಮುಂದಿನ ತಾರೀಕಿನಂದು ನಾನು ಕಟಕಟೆ ಹತ್ತಿ ಅದರ ಒಂದೊಂದು ಪದವೂ ಸುಳ್ಳೆಂದು ತೋರಿಸಬೇಕು. ತೋರಿಸಲಾಗದಿದ್ದರೆ ಆಪರೇಷನ್ನಿನ ಹಣ ಬಾರದು, ಆ ಎರಡು ಬೆರಳೂ ಹಾಗೇ ಉಳಿಯುತ್ತವೆ.

ನಿನ್ನೆ ಅವನು ಆಫೀಸಿಗೆ ಬಂದಿದ್ದ. ನನ್ನ ಕುರ್ಚಿಯ ಬೋಲ್ಟು ಸಡಿಲವಾಗಿದ್ದುದನ್ನು ಕಂಡು ಸ್ಪ್ಯಾನರ್ ಕೇಳಿದ. ಬಲಗೈಯಲ್ಲಿ ಹಿಡಿದ. ಜಾರಿ ಬಿತ್ತು. ಎತ್ತಿಕೊಂಡು ಮತ್ತೆ ಹಿಡಿದ, ಮತ್ತೆ ಬಿತ್ತು.

“ಬುಡು ಕಣಪ್ಪ, ಆಮೇಲೆ ನೋಡನ” ಎಂದೆ.

“ಇರ್ಲಿ ಮಾವ” ಎಂದು ಮತ್ತೆ ಬಗ್ಗಿದ.

ನಾನು ಆ ಸಡಿಲ ಕುರ್ಚಿಯ ಪಕ್ಕದಲ್ಲೇ ನಿಂತು ಕಂಪನಿಯ ಅರ್ಜಿಯನ್ನು ಮೊದಲ ಅಕ್ಷರದಿಂದ ಓದತೊಡಗಿದೆ.