ಇಂದ್ರಮ್ಮ ಕೂತು ಎದ್ದ ಗೋಡೆ

ಬೆಳಗಿನ ಆರೂಕಾಲು. ಜ್ಞಾನಭಾರತಿಯ ಆಚೆಗಿನ ಬಡಾವಣೆಯೊಂದರಲ್ಲಿ ಇಂದ್ರಮ್ಮ ಉಳಿ, ಸುತ್ತಿಗೆ ಹಿಡಿದು ತಾವೇ ಮಾಡಿದ್ದನ್ನು ಒಡೆಯುತ್ತಿದ್ದಾರೆ. ಗೋಡೆಯೊಳಗೇ ಮೂಡಿಸಿದ ಒಂದು ಕೂರುವ ಜಾಗ ಅದು. ಎದುರಿಗೆ ಬಂಡೆ, ಬಂಡೆಯ ಮೇಲೆ ಬಾಗಿದ ಹೊಂಗೆ ಮರ. ಇಡೀ ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಇಂದ್ರಮ್ಮನ ಗಾರೆಯ ಮುಂದೆ ಆ ಗಾದೆ ನಡೆಯುವುದಿಲ್ಲ, ಎರಡು ಗಂಟೆ ಬೇಕು.

ಮನೆ ಅಂದೆನಲ್ಲ, ಶಿಲ್ಪ ಅನ್ನಬೇಕು. ಒಂದು ಮೂಲೆಯೂ ಇಲ್ಲದೆ ಬಂಡೆಯನ್ನು ತಬ್ಬಿಕೊಂಡು ನಿಂತಿರುವ, ಒಳಗೆ ಅಡುಗೆ ಮಾಡಿ ಮಲಗಬಹುದಾದ ಶಿಲ್ಪ. ಚಿತ್ರ ಬರೆದವರು ಕಲಾವಿದ ಸಿದ್ಧಾರ್ಥ. ಪತ್ರಿಕೆಗಳಲ್ಲಿ ಫೋಟೊ ಬರುವುದೂ ಅವರದೇ. ಕಂಬಿ ಬಾಗಿಸಿ ಕೋಳಿ ಜಾಲರಿ ಬಿಗಿದ ಮೇಲೆ ಗಾರೆ ಮೆತ್ತಿ, ಕರಣೆ ಬದಿಗಿಟ್ಟು ಬರಿಗೈಯಲ್ಲಿ ಅದರ ಮೈ ತೀಡುವವರು ಐವತ್ತೆರಡರ ಇಂದ್ರಮ್ಮ. ಹನ್ನೊಂದು ವರ್ಷದಲ್ಲಿ ಇಂಥ ಏಳು ಮನೆ, ದಿನಕ್ಕೆ ಹದಿನೆಂಟು ಬಾಂಡ್ಲಿ ಗಾರೆ. ಸಿಮೆಂಟು ಕಚ್ಚಿ ಬೆರಳಿನ ಗೆರೆಗಳೆಲ್ಲ ಅಳಿಸಿವೆ. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ.

ನಾನೂ ಶಿಲ್ಪಕಲೆ ಓದಿದವನು. ಐದು ವರ್ಷ ತಿಣುಕಿದರೂ ಕೈ ಒಲಿಯಲಿಲ್ಲ, ಬರೆಯಲು ಬಂದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಈ ಹೆಂಗಸು ಗೋಡೆ ಸವರುವುದನ್ನು ನೋಡುವಾಗ ಸಂತೋಷಪಡಬೇಕು, ನಿಜ. ನನಗೆ ಹೊಟ್ಟೆ ಉರಿಯುತ್ತದೆ.

ಗೋಡೆಯ ಆಸನಕ್ಕೆ ಇವರು ಟೇಪು ಹಿಡಿಯುವುದಿಲ್ಲ. ಹಸಿ ಗಾರೆಗೆ ಒದ್ದೆ ಗೋಣಿ ಹೊದಿಸಿ, ಮುಂದೆ ಅಲ್ಲಿ ಕೂರುವವರನ್ನೇ ಕರೆದು ಕೂರಿಸುತ್ತಾರೆ. ಬೆನ್ನು ಒತ್ತಿದ ಗುರುತೇ ಅಳತೆ. ಹೋದ ವಾರ ಮನೆಯೊಡತಿ, ಕಾಲೇಜು ಅಧ್ಯಾಪಕಿ ಸೀತಾ ಬರುವುದು ತಡವಾಯಿತು. ಗಾರೆ ಗಟ್ಟಿಯಾಗುತ್ತದೆ ಎಂದು ಇಂದ್ರಮ್ಮ ತಾವೇ ಕೂತುಬಿಟ್ಟರು. ಸೀತಾ ಇಂದ್ರಮ್ಮನಿಗಿಂತ ಮುಕ್ಕಾಲು ಅಡಿ ಎತ್ತರ. ಆ ಜಾಗದಲ್ಲಿ ಕೂತರೆ ಮಂಡಿ ಎದೆಗೆ ಬರುತ್ತಿತ್ತು. ಒಡೆದು ಹೊಸದು ಮಾಡಿ ಎಂದರು.

"ಗಟ್ಟಿಯಾಗುತ್ತೆ ಅಂದಿದ್ದು ಸುಳ್ಳು ಸಾರ್," ಉಳಿ ನಿಲ್ಲಿಸದೆ ಇಂದ್ರಮ್ಮ ಹೇಳುತ್ತಾರೆ. "ಇನ್ನೂ ಅರ್ಧ ಗಂಟೆ ಟೈಮಿತ್ತು. ಗಾರೆ ಕಾಯ್ತಿತ್ತು, ನಾನೇ ಕಾಯಲಿಲ್ಲ."

ಯಾಕೆ ಎಂದು ಕೇಳುತ್ತೇನೆ.

"ಹೊಟ್ಟೆಕಿಚ್ಚು. ಕಾಮಾಕ್ಷಿಪಾಳ್ಯದಲ್ಲಿ ನಮ್ಮ ರೂಮಿನ ಕಿಟಕಿ ತೆಗೆದ್ರೆ ಗಾರ್ಮೆಂಟ್ಸ್ ಗೋಡೆ, ಕೈ ಚಾಚಿದ್ರೆ ಸಿಗುತ್ತೆ. ಆರು ಮನೆ ಮುಗಿಸಿ ಕೊಟ್ಟೆ. ಗೃಹಪ್ರವೇಶದ ಊಟ ಆದ್ಮೇಲೆ ಒಂದರೊಳಗೂ ಕಾಲಿಟ್ಟಿಲ್ಲ. ಈ ಏಳನೇದ್ರಲ್ಲಾದ್ರೂ ನನ್ನ ಬೆನ್ನು ಇರ್ಲಿ ಅನ್ನಿಸ್ತು."

"ಇದನ್ನ ಬರೀಬಹುದಾ?"

"ಬರೀರಿ. ಮೇಡಮ್ಮೋರಿಗೂ ಹೇಳಾಯ್ತು."

ಒಂಬತ್ತೂವರೆಗೆ ಹೊಸ ಗಾರೆ ಸಿದ್ಧ. ಇವತ್ತು ಸೀತಾ ಮೊದಲೇ ಬಂದು ನಿಂತಿದ್ದಾರೆ. "ಹಾಗೇ ಬಿಟ್ಟುಬಿಡೋಣ ಅಂತಲೂ ಅನ್ನಿಸ್ತು," ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳುತ್ತಾರೆ. "ಆದ್ರೆ ಇಪ್ಪತ್ತು ವರ್ಷ ಬಾಡಿಗೆ ಮನೇಲಿ ಬೇರೆಯವರು ಹೊಡೆದ ಮೊಳೆಗೇ ಬಟ್ಟೆ ನೇತುಹಾಕಿದೀನಿ. ಇಲ್ಲೂ ನನಗಿಂತ ಮುಂಚೆ ಇನ್ನೊಬ್ಬರು ಕೂತಿದ್ರಲ್ಲ ಅಂತ ಸಹಿಸೋಕಾಗಲಿಲ್ಲ."

ಗೋಣಿ ಹೊದಿಸಿದ ಮೇಲೆ ಸೀತಾ ಮೆಲ್ಲಗೆ ಕೂರುತ್ತಾರೆ. ಇಂದ್ರಮ್ಮ ಅವರ ಎರಡೂ ಭುಜ ಹಿಡಿದು ಹಿಂದಕ್ಕೆ ಒತ್ತುತ್ತಾರೆ. "ಬಿಗಿ ಹಿಡೀಬೇಡಿ ಮೇಡಂ. ಮನೇಲಿ ಕೂತಂಗೆ ಕೂತ್ಕೊಳ್ಳಿ." ಎರಡು ನಿಮಿಷ ಸಾಕು. ಸೀತಾ ಹೊಂಗೆ ನೋಡುತ್ತಾ ಹತ್ತು ನಿಮಿಷ ಏಳುವುದಿಲ್ಲ, ಇಂದ್ರಮ್ಮ ಏಳಿಸುವುದೂ ಇಲ್ಲ.

ಅವರು ಎದ್ದು ಹೋದ ಮೇಲೆ ಇಂದ್ರಮ್ಮ ಗೋಣಿ ಸುಲಿದು, ಬೆನ್ನಿನ ಗುಳಿಯ ಮೇಲೆ ಅಂಗೈ ಆಡಿಸುತ್ತಾರೆ. ಮೇಲಿಂದ ಕೆಳಗೆ, ಮತ್ತೆ ಒಮ್ಮೆ.

"ನಂದಕ್ಕಿಂತ ಇದೇ ಚೆನ್ನಾಗಿ ಬಂದಿದೆ ಸಾರ್," ಎನ್ನುತ್ತಾರೆ. "ಬೇಕಂತ ಕೆಡಿಸೋಣ ಅಂದ್ರೂ ಕೈ ಕೇಳಲ್ಲ."